ಆರ್ತಬಂಧು ಡಾಕ್ಟರ್ ಮುತ್ತುಲಕ್ಷ್ಮೀ ರೆಡ್ಡಿಯವರು

ಹಸಿದವನಿಗೆ ಅನ್ನವನ್ನೂ ಬಾಯಾರಿದವನಿಗೆ ನೀರನ್ನೂ ಕೊಡುವುದು ಪುಣ್ಯಕಾರ್ಯವೆಂಬುದನ್ನು ಭರತಖಂಡದ ಜನರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಊರಿಗೊಂದು ಛತ್ರ, ದಾರಿಗೊಂದು ಅರವಟ್ಟಿಗೆ, ಮಠಮಂದಿರಗಳಲ್ಲಿ ಅನ್ನದಾನ, ಇವೆಲ್ಲ ಅನೇಕ ಶತಮಾನಗಳಿಂದ ನಡೆದುಬಂದಿವೆ. ಆದರೆ ಆರೋಗ್ಯದಾನದಲ್ಲಿ ಒಂದು ದೊಡ್ಡ ತೊಡಕುಂಟು. ಜ್ವರಕ್ಕೆ ಕಷಾಯವನ್ನೂ ಗಾಯಕ್ಕೆ ಲೇಪವನ್ನೂ ಧರ್ಮಾರ್ಥವಾಗಿ ಹಂಚಬಹುದು; ಕೆಲವು ರೋಗಗಳಾದರೋ ನುರಿತ ಶಸ್ತ್ರವೈದ್ಯನನ್ನೂ, ಬಹು ಬೆಲೆಯ ಯಂತ್ರಗಳನ್ನೂ, ವಾರಗಟ್ಟಲೆ ಶುಶ್ರೂಷೆಯನ್ನೂ ಬೇಡತಕ್ಕವು. ಇಂತಹ ಚಿಕಿತ್ಸೆಯನ್ನು ಧನಿಕನು ಎಷ್ಟು ದೂರವಾದರೂ ಹೋಗಿ ಕೊಂಡುತರುವನು. ಕೂಲಿನಾಲಿ ಮಾಡಿ ಹೊಟ್ಟೆ ಹೊರೆಯುವವನಾದರೋ ಅಂತಹ ಚಿಕಿತ್ಸೆಯೊಂದು ಇದೆಯೆಂಬುದನ್ನೂ ಅರಿಯದೆ, ಹಣೆಯ ಬರಹವೆಂದು ನರಳುತ್ತ ಪ್ರಾಣ ಬಿಡುವನು.

ಈ ಅಂತರವನ್ನು ಕಂಡು ಮರುಗಿದವರು ಅನೇಕರು. ಮರುಗಿ ಸುಮ್ಮನಾಗದೆ ಅದನ್ನು ತುಂಬಲು ಮೂವತ್ತು ವರ್ಷಗಳ ಕಾಲ ಹೆಣಗಿದವರು ವಿರಳ. ಅಂತಹ ವಿರಳರ ಪಂಕ್ತಿಯಲ್ಲಿ ಮದರಾಸಿನ ಡಾಕ್ಟರ್ ಮುತ್ತುಲಕ್ಷ್ಮೀ ರೆಡ್ಡಿಯವರಿಗೆ ಅಗ್ರಸ್ಥಾನವು ಸಲ್ಲತಕ್ಕದ್ದು. ಸ್ತ್ರೀಯರ ಹಕ್ಕುಗಳಿಗಾಗಿ ಹೋರಾಡಿದ ಧೀಮಂತೆಯೆಂದು ಅವರ ಹೆಸರು ದೇಶವಿದೇಶಗಳಲ್ಲಿ ಪ್ರಸಿದ್ಧವಾಗಿದೆ. ಆದರೆ ಅವರ ಮುಪ್ಪಿನ ಕಾಲದ ಸಾಧನೆಯಾದ ಅಡಯಾರಿನ ಕ್ಯಾನ್ಸರ್ ಚಿಕಿತ್ಸಾಲಯವು ಆ ಕೀರ್ತಿಗಿಂತಲೂ ಹಿರಿದಾದುದೆಂದರೆ ಅತಿಶಯೋಕ್ತಿಯಾಗಲಾರದು.

ಜನನ ಮತ್ತು ಬಾಲ್ಯ

ಮುತ್ತುಲಕ್ಷ್ಮಿಯವರು 1886ನೆಯ ಇಸವಿ ಜುಲೈ 30ರಂದು ಪುದುಕ್ಕೋಟೆ ಸಂಸ್ಥಾನದಲ್ಲಿ ಜನಿಸಿದರು. ತಂದೆ ನಾರಾಯಣಸ್ವಾಮಿ ಅಯ್ಯರವರು ವಿದ್ವಾಂಸರು. ಅಲ್ಲಿನ ಮಹಾರಾಜಾ ಕಾಲೇಜಿನ ಮುಖ್ಯಾಧ್ಯಾಪಕರಾಗಿದ್ದವರು. ತಾಯಿ ಚಂದ್ರಮ್ಮಾಳ್ ದೇವದಾಸೀ ಕುಲದಲ್ಲಿ ಹುಟ್ಟಿದವರು. ಈ ಸಂಬಂಧಕ್ಕಾಗಿ ಅಯ್ಯರವರು ತಮ್ಮ ಬಂಧುವರ್ಗದಿಂದ ದೂರವಾಗಬೇಕಾಯಿತು. ಹೀಗೆ ಒಂದು ಕಡೆ ವಿದ್ಯೆಯ ಬೆಳಕು, ಮತ್ತೊಂದು ಕಡೆ ಸಮಾಜದ ತಿರಸ್ಕಾರ, ಇವೆರಡರ ನಡುವೆ ಆ ಬಾಲಿಕೆಯು ಬೆಳೆಯಿತು. ತನ್ನದಲ್ಲದ ತಪ್ಪಿಗೆ ಮನುಷ್ಯನು ಎಂತಹ ನೋವನ್ನು ಅನುಭವಿಸಬೇಕಾಗುವುದೆಂಬುದನ್ನು ಪುಸ್ತಕದಿಂದಲ್ಲ, ತಾಯಿಯ ಮುಖದಿಂದಲೇ ಅವರು ಓದಿಕೊಂಡರು. ಮುಂದೆ ದೀನರ ಮೇಲೆ ಅವರಿಗುಂಟಾದ ಅಪಾರವಾದ ಕನಿಕರದ ಬೇರು ಇಲ್ಲಿಯೇ ಇರುವುದು.

ಹೆಣ್ಣುಮಕ್ಕಳನ್ನು ಪ್ರಾಯಕ್ಕೆ ಬಂದೊಡನೆ ಶಾಲೆಯಿಂದ ಬಿಡಿಸಿ ಮದುವೆ ಮಾಡಿಕೊಡುವುದು ಅಂದಿನ ರೂಢಿ. ಮುತ್ತುಲಕ್ಷ್ಮಿಯವರೂ ಶಾಲೆಯನ್ನು ಬಿಡಬೇಕಾಯಿತು. ಆದರೆ ವಿದ್ಯೆಯನ್ನು ಬಿಡಲಿಲ್ಲ. ಮಗಳ ಬುದ್ಧಿಶಕ್ತಿಯನ್ನು ಮೆಚ್ಚಿದ ತಂದೆಯು ಮನೆಯಲ್ಲಿಯೇ ಪಾಠದ ಏರ್ಪಾಡನ್ನು ಮಾಡಿದರು. 1902ನೆಯ ಇಸವಿಯಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು.

ವಿದ್ಯಾಭ್ಯಾಸ

ಮುಂದಿನ ವ್ಯಾಸಂಗಕ್ಕೆ ಪುದುಕ್ಕೋಟೆಯಲ್ಲಿದ್ದುದು ಗಂಡುಮಕ್ಕಳ ಕಾಲೇಜು ಒಂದೇ. ಅಲ್ಲಿಗೆ ಒಬ್ಬ ಹುಡುಗಿಯನ್ನು, ಅದರಲ್ಲಿಯೂ ಅಂತಹ ಕುಲದಲ್ಲಿ ಹುಟ್ಟಿದವಳನ್ನು, ಸೇರಿಸಿಕೊಳ್ಳುವುದು ಸರಿಯಲ್ಲವೆಂದು ಹಲವರು ಆಕ್ಷೇಪಿಸಿದರು. ಗಂಡುಹುಡುಗರ ನಡತೆ ಕೆಡುವುದೆಂದು ಅವರ ಭಯ. ಆಗ ಸಂಸ್ಥಾನದ ಅರಸರಾದ ಮಾರ್ತಾಂಡ ಭೈರವ ತೊಂಡೈಮಾನರು ಈ ಆಕ್ಷೇಪಗಳನ್ನು ತಳ್ಳಿಹಾಕಿ ಪ್ರವೇಶಕ್ಕೆ ಅಪ್ಪಣೆಯಿತ್ತು, ವಿದ್ಯಾರ್ಥಿವೇತನವನ್ನೂ ದಯಪಾಲಿಸಿದರು. ಯೋಗ್ಯತೆಯುಳ್ಳ ಒಂದು ಜೀವಕ್ಕೆ ಸಕಾಲದಲ್ಲಿ ದೊರೆತ ಆಶ್ರಯವು ಎಷ್ಟು ಸಾವಿರ ಜೀವಗಳಿಗೆ ನೆರಳಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಾಗಿಲ್ಲ.

1907ರಲ್ಲಿ ಅವರು ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದರು. ಬಹುಮಾನಗಳನ್ನೂ ಪದಕಗಳನ್ನೂ ಗಳಿಸಿ 1912ರಲ್ಲಿ ವೈದ್ಯಪದವಿಯನ್ನು ಪಡೆದರು. ತರುವಾಯ ಮದರಾಸಿನ ಸರ್ಕಾರೀ ಪ್ರಸೂತಿ ಮತ್ತು ನೇತ್ರ ಚಿಕಿತ್ಸಾಲಯದಲ್ಲಿ ಹೌಸ್ ಸರ್ಜನ್ ಆಗಿ ನೇಮಕಗೊಂಡ ಮೊದಲನೆಯ ಮಹಿಳೆಯೆಂಬ ಹೆಸರನ್ನು ಪಡೆದರು. ಪುರುಷವೈದ್ಯರ ಎದುರಿಗೆ ಬಾಯಿಬಿಟ್ಟು ತಮ್ಮ ವ್ಯಾಧಿಯನ್ನು ಹೇಳಿಕೊಳ್ಳಲು ನಾಚಿ, ರೋಗವನ್ನು ಒಳಗೊಳಗೇ ಬೆಳೆಯಿಸಿಕೊಂಡು ಸಾಯುತ್ತಿದ್ದ ಸ್ತ್ರೀಯರು ಆ ಕಾಲದಲ್ಲಿ ಅಸಂಖ್ಯಾತರಾಗಿದ್ದರು. ಅಂತಹವರಿಗೆ ಈ ತರುಣ ವೈದ್ಯೆಯು ಅಕ್ಕನಂತೆ ಕಂಡುಬಂದುದು ಸಹಜವೇ.

ಗೃಹಜೀವನ

1914ರಲ್ಲಿ ಮುತ್ತುಲಕ್ಷ್ಮಿಯವರು ಶಸ್ತ್ರವೈದ್ಯರಾದ ಡಾಕ್ಟರ್ ಸುಂದರ ರೆಡ್ಡಿಯವರನ್ನು 1872ರ ವಿವಾಹಶಾಸನದ ಪ್ರಕಾರ ಮದುವೆಯಾದರು. ತಮ್ಮನ್ನು ಸರಿಸಮಾನಳೆಂದು ಗೌರವಿಸಬೇಕು, ತಾವು ಕೈಗೊಂಡ ಕೆಲಸಕ್ಕೆ ಅಡ್ಡಿ ಬರಕೂಡದು ಎಂಬ ನಿಬಂಧನೆಯನ್ನು ವಧುವು ಮುಂದಿಟ್ಟರು. ವರನು ಸಂತೋಷದಿಂದ ಒಪ್ಪಿದರು, ಒಪ್ಪಿದ ಮಾತಿನಂತೆ ನಡೆದರು. ಈ ದಂಪತಿಗಳಿಗೆ ರಾಮಮೋಹನ, ಕೃಷ್ಣಮೂರ್ತಿ ಎಂಬ ಇಬ್ಬರು ಪುತ್ರರು ಜನಿಸಿದರು. ಇವರಲ್ಲಿ ಕೃಷ್ಣಮೂರ್ತಿಯವರು ಮುಂದೆ ತಾಯಿಯ ಮಹಾಸಂಕಲ್ಪಕ್ಕೆ ಬಲಗೈಯಾದರು.

ಸೋದರಿಯ ಮರಣ

1920ರ ದಶಕದ ಮೊದಲ ವರ್ಷಗಳಲ್ಲಿ ಮುತ್ತುಲಕ್ಷ್ಮಿಯವರ ಬಾಳಿನ ದಾರಿಯನ್ನೇ ತಿರುಗಿಸಿದ ದುಃಖವೊಂದು ಸಂಭವಿಸಿತು. ಅವರ ತಂಗಿಯು ಕ್ಯಾನ್ಸರ್ ರೋಗಕ್ಕೆ ತುತ್ತಾದರು. ರೋಗದ ನಿಜಸ್ವರೂಪವು ತಿಳಿದಾಗ ಕಾಲವು ಮೀರಿಹೋಗಿದ್ದಿತು. ಅಕ್ಕ ವೈದ್ಯೆ, ಭಾವ ಶಸ್ತ್ರವೈದ್ಯ, ಪರಿಚಿತರಲ್ಲಿ ನಗರದ ಪ್ರಮುಖ ವೈದ್ಯರು. ಆದರೂ ಎಳೆಯ ಪ್ರಾಯದ ಆ ಹೆಣ್ಣುಮಗಳನ್ನು ಉಳಿಸಿಕೊಳ್ಳಲಾಗಲಿಲ್ಲ. ವೈದ್ಯರ ಮನೆಯಲ್ಲಿಯೇ ಹೀಗಾದರೆ, ವೈದ್ಯನ ಮುಖವನ್ನೇ ಕಾಣದ ಗುಡಿಸಲಿನಲ್ಲಿ ಏನಾಗುತ್ತಿರಬೇಕೆಂಬ ಪ್ರಶ್ನೆಯು ಅವರ ಮನಸ್ಸನ್ನು ಬಿಡದೆ ಕಾಡಿತು. ಸ್ವಂತದ ದುಃಖವು ಲೋಕದ ದುಃಖದೊಡನೆ ಕೂಡಿ ಒಂದಾಯಿತು.

1925ರಲ್ಲಿ ಸರ್ಕಾರದ ನೆರವಿನಿಂದ ಉನ್ನತ ವ್ಯಾಸಂಗಕ್ಕಾಗಿ ಅವರು ಇಂಗ್ಲೆಂಡಿಗೆ ತೆರಳಿದರು. ಸ್ತ್ರೀಯರ ಹಾಗೂ ಶಿಶುಗಳ ಚಿಕಿತ್ಸೆಯನ್ನು ಅಭ್ಯಸಿಸುವುದು ಅವರ ಉದ್ದೇಶ. ಅಲ್ಲಿ ಲಂಡನ್ನಿನ ಕ್ಯಾನ್ಸರ್ ಆಸ್ಪತ್ರೆಯನ್ನೂ ಅವರು ಕಂಡರು. ಒಂದೇ ರೋಗಕ್ಕೆ ಮೀಸಲಾದ ವೈದ್ಯರು, ದಾದಿಯರು, ಯಂತ್ರಗಳು, ಸಂಶೋಧನಶಾಲೆಗಳು ಒಂದೇ ಸೂರಿನ ಕೆಳಗೆ ಕೂಡಿ ಕೆಲಸಮಾಡಿದರೆ ಅಸಾಧ್ಯವೆಂದು ಕೈಬಿಟ್ಟ ರೋಗಿಗಳಲ್ಲಿಯೂ ಎಷ್ಟೋ ಮಂದಿ ಗುಣಹೊಂದುವರೆಂಬುದನ್ನು ಕಣ್ಣಾರೆ ನೋಡಿದರು. ಇಂತಹುದೊಂದು ಆಲಯವು ತಮ್ಮ ನಾಡಿನಲ್ಲಿಯೂ ಏಳಬೇಕು, ಅದರ ಬಾಗಿಲು ಬಡವರಿಗೆ ತೆರೆದಿರಬೇಕು ಎಂಬ ಸಂಕಲ್ಪವು ಅಂದು ಬೇರೂರಿತು.

ಶಾಸನಸಭೆಯಲ್ಲಿ

ಸ್ವದೇಶಕ್ಕೆ ಮರಳಿದ ಅವರನ್ನು 1926ರಲ್ಲಿ ಮದರಾಸು ಶಾಸನಸಭೆಗೆ ಸದಸ್ಯರನ್ನಾಗಿ ನೇಮಿಸಲಾಯಿತು. ಬ್ರಿಟಿಷ್ ಇಂಡಿಯಾದ ಶಾಸನಸಭೆಯೊಂದರಲ್ಲಿ ಕುಳಿತ ಮೊದಲನೆಯ ಮಹಿಳೆಯವರು. ಸಭೆಯು ಅವರನ್ನು ಉಪಾಧ್ಯಕ್ಷ ಪದವಿಗೂ ಆರಿಸಿ ಗೌರವಿಸಿತು. ಚೆನ್ನಾಗಿ ನಡೆಯುತ್ತಿದ್ದ ವೈದ್ಯವೃತ್ತಿಗೆ ಧಕ್ಕೆಯಾಗುವುದೆಂದು ತಿಳಿದಿದ್ದರೂ ಅವರು ಈ ಹೊಣೆಯನ್ನು ಹೊತ್ತರು. ಸ್ತ್ರೀಯರ ಮತ್ತು ಮಕ್ಕಳ ಚಿಕಿತ್ಸೆಗೆ ಪ್ರತ್ಯೇಕ ಏರ್ಪಾಡು, ಶಾಲಾಮಕ್ಕಳ ವೈದ್ಯಪರೀಕ್ಷೆ ಮುಂತಾದ ವಿಷಯಗಳನ್ನು ಅವರು ಸಭೆಯ ಮುಂದೆ ತಂದರು.

ಅವರ ಹೆಸರನ್ನು ಅಜರಾಮರಗೊಳಿಸಿದ ಮತ್ತೊಂದು ಕಾರ್ಯವು ದೇವದಾಸೀಪದ್ಧತಿಯ ನಿರ್ಮೂಲನೆ. ಮೈಸೂರು ಸಂಸ್ಥಾನವು 1909ರಲ್ಲಿಯೇ ದೇವಾಲಯಗಳಲ್ಲಿ ಈ ಸೇವೆಯನ್ನು ನಿಲ್ಲಿಸಿ ಮೇಲ್ಪಂಕ್ತಿಯನ್ನು ಹಾಕಿದ್ದಿತು. ಮದರಾಸು ಪ್ರಾಂತದಲ್ಲಿಯೂ ಅದು ನಿಲ್ಲಬೇಕೆಂದು ಮುತ್ತುಲಕ್ಷ್ಮಿಯವರು ಬಲವಾದ ವಿರೋಧದ ನಡುವೆ ವಾದಿಸಿದರು. 1929ರ ತಿದ್ದುಪಡಿಯಿಂದ ದೇವದಾಸಿಯರ ಇನಾಂ ಭೂಮಿಗಳು ಸೇವೆಯ ಬಂಧನದಿಂದ ಬಿಡುಗಡೆಯಾದುವು; 1947ರಲ್ಲಿ ಹೆಣ್ಣುಮಕ್ಕಳನ್ನು ದೇವಾಲಯಗಳಿಗೆ ಅರ್ಪಿಸುವುದನ್ನು ಸಂಪೂರ್ಣವಾಗಿ ನಿಷೇಧಿಸುವ ಶಾಸನವು ಬಂದಿತು. 1930ರಲ್ಲಿ ಮಹಾತ್ಮಾ ಗಾಂಧಿಯವರ ಬಂಧನವಾದಾಗ ಅದನ್ನು ಪ್ರತಿಭಟಿಸಿ ಅವರು ಶಾಸನಸಭೆಯ ಸ್ಥಾನಕ್ಕೆ ರಾಜೀನಾಮೆಯನ್ನಿತ್ತರು.

ಆ ದಿನಗಳಲ್ಲಿಯೇ ಆ ಪದ್ಧತಿಯಿಂದ ತಪ್ಪಿಸಿಕೊಂಡು ಬಂದ ಕೆಲವರು ಹೆಣ್ಣುಮಕ್ಕಳು ಆಶ್ರಯವನ್ನರಸಿ ಅವರ ಮನೆಬಾಗಿಲಿಗೆ ಬಂದರು. ಇತರ ವಸತಿಗೃಹಗಳು ಅವರನ್ನು ಸೇರಿಸಿಕೊಳ್ಳಲು ಹಿಂಜರಿದುವು. ಮುತ್ತುಲಕ್ಷ್ಮಿಯವರು ತಮ್ಮ ಮನೆಯಲ್ಲಿಯೇ ಅವರಿಗೆ ಸ್ಥಳವನ್ನು ಕೊಟ್ಟರು. ಅದೇ ಅವ್ವೈ ಇಲ್ಲಂ ಎಂಬ ಆಶ್ರಮದ ಉಗಮ. ತಮಿಳು ಕವಯಿತ್ರಿ ಅವ್ವೈಯಾರಳ ಹೆಸರನ್ನು ಹೊತ್ತ ಈ ಸಂಸ್ಥೆಯು ತರುವಾಯ ಅಡಯಾರಿಗೆ ಬಂದು, ಸಹಸ್ರಾರು ಅನಾಥ ಬಾಲಿಕೆಯರಿಗೆ ಅನ್ನವಿದ್ಯೆಗಳನ್ನು ನೀಡಿತು. ಬೇರೆಯವರು ಬಾಗಿಲು ಮುಚ್ಚಿದ ಕಡೆ ತಾವು ಬಾಗಿಲು ತೆರೆಯುವುದು ಅವರ ಜೀವನದ ಸೂತ್ರವೇ ಆಗಿದ್ದಿತು.

ಸಂಕಲ್ಪವೂ ವಿಘ್ನಗಳೂ

1935ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನ ಶತಮಾನೋತ್ಸವವು ನಡೆಯಿತು. ಆ ಸಂದರ್ಭದಲ್ಲಿ ಮುತ್ತುಲಕ್ಷ್ಮಿಯವರು ಬಹುಕಾಲದಿಂದ ಮನಸ್ಸಿನಲ್ಲಿದ್ದುದನ್ನು ಬಹಿರಂಗವಾಗಿ ಪ್ರಕಟಿಸಿದರು. ಕ್ಯಾನ್ಸರ್ ರೋಗಿಗಳಿಗೆಂದೇ ಒಂದು ಆಸ್ಪತ್ರೆಯು ಬೇಕೆಂದೂ ಅದಕ್ಕಾಗಿ ನಿಧಿಯನ್ನು ಕೂಡಿಸಬೇಕೆಂದೂ ಸಲಹೆಯಿತ್ತರು. ಆದರೆ ಕಾರ್ಯವು ಸುಲಭವಾಗಿರಲಿಲ್ಲ. ಎರಡನೆಯ ಮಹಾಯುದ್ಧವು ಬಂದು ಹಣದ, ಸಾಮಗ್ರಿಗಳ ಅಭಾವವನ್ನು ತಂದಿತು. ಯುದ್ಧವು ಮುಗಿದ ಮೇಲೆಯೂ ಅಧಿಕಾರಸ್ಥರ ಮನಸ್ಸು ಕರಗಲಿಲ್ಲ.

ಅವರ ವಿರೋಧದಲ್ಲಿ ಹುರುಳೇ ಇರಲಿಲ್ಲವೆಂದು ಹೇಳಿದರೆ ನ್ಯಾಯವಾಗದು. ಕಾಲರಾ, ಮಲೇರಿಯಾ, ಕ್ಷಯ ಮುಂತಾದ ವ್ಯಾಧಿಗಳಿಂದ ವರ್ಷವರ್ಷವೂ ಲಕ್ಷಗಟ್ಟಲೆ ಜನರು ಸಾಯುತ್ತಿದ್ದ ದೇಶವಿದು. ಒಂದು ಕುಪ್ಪಿಗೆ ಔಷಧದಿಂದ ವಾಸಿಯಾಗುವ ರೋಗಿಗಳಿಗೇ ಹಣವು ಸಾಲದಿರುವಾಗ, ಎಷ್ಟು ವೆಚ್ಚಮಾಡಿದರೂ ಸಾಯಲಿರುವ ಕ್ಯಾನ್ಸರ್ ರೋಗಿಗಳಿಗಾಗಿ ಪ್ರತ್ಯೇಕ ಆಸ್ಪತ್ರೆಯನ್ನು ಕಟ್ಟುವುದು ದುಂದುಗಾರಿಕೆಯೆಂದು ಆಳುವವರು ಭಾವಿಸಿದರು. ರೋಗಿಗಳು ಹೇಗೂ ಸಾಯುವುದರಿಂದ ಆಸ್ಪತ್ರೆಯಾದರೂ ಏಕೆಂಬುದು ಅವರ ತರ್ಕ.

ಈ ತರ್ಕದ ದೋಷವನ್ನು ಮುತ್ತುಲಕ್ಷ್ಮಿಯವರು ಬಲ್ಲವರಾಗಿದ್ದರು. ರೋಗಿಗಳು ಸಾಯುತ್ತಿದ್ದುದು ರೋಗವು ಅಸಾಧ್ಯವಾದುದರಿಂದ ಮಾತ್ರವಲ್ಲ, ಕಾಲಮೀರಿ ಬಂದುದರಿಂದ. ಕಾಲಮೀರಿ ಬರುತ್ತಿದ್ದುದು ಹೋಗತಕ್ಕ ಸ್ಥಳವಿಲ್ಲದುದರಿಂದ, ಇದ್ದರೂ ಕೈಯಲ್ಲಿ ಕಾಸಿಲ್ಲದುದರಿಂದ. ದಕ್ಷಿಣದೇಶದ ಬಡವರಲ್ಲಿ ಹೆಚ್ಚಾಗಿ ಕಂಡುಬರುತ್ತಿದ್ದ ಕ್ಯಾನ್ಸರುಗಳು ಎರಡು ಬಗೆಯವು: ಸ್ತ್ರೀಯರಲ್ಲಿ ಗರ್ಭಕೋಶದ ಕೊರಳಿನಲ್ಲಿ ಹುಟ್ಟುವುದು, ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಅಗಿಯುವವರಿಗೆ ಬಾಯಿಯಲ್ಲಿ ಹುಟ್ಟುವುದು. ಇವೆರಡೂ ಮೊದಲ ಹಂತದಲ್ಲಿ ಕಣ್ಣಿಗೆ ಅಥವಾ ಪರೀಕ್ಷೆಗೆ ಸಿಕ್ಕುವಂತಹವು. ಆ ಹಂತದಲ್ಲಿ ಚಿಕಿತ್ಸೆಮಾಡಿದರೆ ಬಹುಮಟ್ಟಿಗೆ ಗುಣವಾಗುವಂತಹವು. ಹೀಗಿರುವಾಗ ಸಾವನ್ನೇ ಸಾಕ್ಷಿಯಾಗಿಟ್ಟು ಆಸ್ಪತ್ರೆಯು ಬೇಡವೆನ್ನುವುದು, ಬಾವಿಯನ್ನು ತೋಡದೆ ಜನರು ಬಾಯಾರಿ ಸತ್ತುದನ್ನು ತೋರಿಸಿ ಬಾವಿಯು ವ್ಯರ್ಥವೆಂದಂತಾಗುವುದಷ್ಟೆ.

ಬೊಂಬಾಯಿಯಲ್ಲಿ ತಾತಾ ಮನೆತನದವರ ದಾನದಿಂದ 1941ರಲ್ಲಿ ಕ್ಯಾನ್ಸರ್ ಆಸ್ಪತ್ರೆಯೊಂದು ಆರಂಭವಾಗಿದ್ದಿತು. ಮದರಾಸಿನಲ್ಲಿ ಅಂತಹ ಕೋಟ್ಯಧೀಶರಾರೂ ಮುಂದೆ ಬರಲಿಲ್ಲ. ಕೊನೆಗೆ ಭಾರತೀಯ ಮಹಿಳಾ ಸಂಘದ ಸದಸ್ಯೆಯರನ್ನು ಕೂಡಿಕೊಂಡು ಮುತ್ತುಲಕ್ಷ್ಮಿಯವರು 1949ರಲ್ಲಿ ಕ್ಯಾನ್ಸರ್ ಪರಿಹಾರನಿಧಿಯೊಂದನ್ನು ಸ್ಥಾಪಿಸಿದರು. ಆಗ ಅವರ ವಯಸ್ಸು ಅರುವತ್ತಮೂರು. ಇತರರು ವಿಶ್ರಾಂತಿಯನ್ನು ಬಯಸುವ ಪ್ರಾಯದಲ್ಲಿ ಅವರು ಸಾರ್ವಜನಿಕರ ಮುಂದೆ ಕೈಯೊಡ್ಡಿದರು. ತಮಗಾಗಿ ಬೇಡಲು ನಾಚಬೇಕು. ಪರರಿಗಾಗಿ ಬೇಡಲು ನಾಚಿಕೆಯೇಕೆ?

ಹನ್ನೆರಡು ಹಾಸಿಗೆಗಳು

1952ನೆಯ ಇಸವಿ ಅಕ್ಟೋಬರ್ 10ರಂದು ಪ್ರಧಾನಮಂತ್ರಿ ಜವಾಹರಲಾಲ ನೆಹರೂರವರು ಅಡಯಾರಿನಲ್ಲಿ ಆಸ್ಪತ್ರೆಗೆ ಅಸ್ತಿಭಾರವನ್ನು ಹಾಕಿದರು. 1954ನೆಯ ಇಸವಿ ಜೂನ್ 18ರಂದು ರೋಗಿಗಳ ಸೇವೆಯು ಆರಂಭವಾಯಿತು. ಸೌಧವಿಲ್ಲ, ವೈಭವವಿಲ್ಲ, ಸಣ್ಣದೊಂದು ಕಟ್ಟಡ, ಹನ್ನೆರಡು ಹಾಸಿಗೆಗಳು, ಬೆರಳಲ್ಲಿ ಎಣಿಸಬಹುದಾದಷ್ಟು ಮಂದಿ ಸಿಬ್ಬಂದಿ. ತಂಗಿಯ ಮರಣದಿಂದ ಈ ದಿನದವರೆಗೆ ಮೂರು ದಶಕಗಳು ಕಳೆದಿದ್ದುವು.

ವಿದೇಶದಲ್ಲಿ ಕ್ಯಾನ್ಸರ್ ಚಿಕಿತ್ಸೆಯನ್ನು ಅಭ್ಯಾಸಮಾಡಿ ಬಂದಿದ್ದ ಪುತ್ರ ಡಾಕ್ಟರ್ ಕೃಷ್ಣಮೂರ್ತಿಯವರು ಚಿಕಿತ್ಸೆಯ ಭಾರವನ್ನು ಹೊತ್ತರು. ಹೊರಗೆ ಧನಸಂಪಾದನೆಗೆ ಎಷ್ಟೋ ಅವಕಾಶಗಳಿದ್ದರೂ ಅವರು ತಾಯಿಯ ಸಂಸ್ಥೆಯನ್ನು ಬಿಟ್ಟು ಕದಲಲಿಲ್ಲ. 1955ರ ಏಪ್ರಿಲ್ ತಿಂಗಳಿನಲ್ಲಿ ವಿ. ಶಾಂತಾ ಎಂಬ ತರುಣ ವೈದ್ಯೆಯು ಬಂದು ಸೇರಿದರು. ಸರ್ಕಾರೀ ಆಸ್ಪತ್ರೆಯಲ್ಲಿ ಭದ್ರವಾದ ಹುದ್ದೆಯು ಅವರಿಗೆ ಸಿದ್ಧವಾಗಿದ್ದಿತು; ಅದನ್ನು ಬಿಟ್ಟು ಈ ಹನ್ನೆರಡು ಹಾಸಿಗೆಗಳನ್ನು ಆರಿಸಿಕೊಂಡರು. ಮೂರು ವರ್ಷಗಳ ಕಾಲ ಸಂಬಳವಿಲ್ಲದೆ ದುಡಿದು, ತರುವಾಯ ತಿಂಗಳಿಗೆ ಇನ್ನೂರು ರೂಪಾಯಿಗಳನ್ನೂ ಆವರಣದಲ್ಲಿ ವಾಸಸ್ಥಳವನ್ನೂ ಪಡೆದು ಅಲ್ಲಿಯೇ ನೆಲೆಸಿದರು. ವೈದ್ಯರು ತಮ್ಮ ದುಡಿಮೆಯ ಬೆಲೆಯನ್ನು ತಾವೇ ತಗ್ಗಿಸಿಕೊಂಡುದರಿಂದ ಚಿಕಿತ್ಸೆಯ ಬೆಲೆಯು ತಗ್ಗಿತು. ಬಡವರಿಗೆ ದೊರೆತ ಮೊದಲನೆಯ ದಾನವು ಇದು. ಹುಂಡಿಯಲ್ಲಿ ಬಿದ್ದ ಹಣವು ಎರಡನೆಯದು.

ಬಡವನ ಕೈಗೆ ಎಟಕುವಂತೆ

ಕ್ಯಾನ್ಸರ್ ಚಿಕಿತ್ಸೆಯು ಏಕೆ ಇಷ್ಟು ದುಬಾರಿಯೆಂಬುದನ್ನು ತಿಳಿದುಕೊಂಡರೆ ಮುತ್ತುಲಕ್ಷ್ಮಿಯವರು ಹೊತ್ತ ಹೊರೆಯ ಭಾರವು ಅರ್ಥವಾಗುವುದು. ಶಸ್ತ್ರಚಿಕಿತ್ಸೆಯೊಂದರಿಂದಲೇ ಈ ರೋಗವು ಎಲ್ಲ ಸಂದರ್ಭಗಳಲ್ಲಿಯೂ ತೀರದು, ಕಿರಣಚಿಕಿತ್ಸೆಯೂ ಬೇಕು. ಅದನ್ನು ಒಂದೇ ದಿನದಲ್ಲಿ ಕೊಟ್ಟು ಮುಗಿಸುವಂತಿಲ್ಲ. ಸ್ವಸ್ಥವಾದ ಮಾಂಸಕ್ಕೆ ಹೆಚ್ಚಿನ ಹಾನಿಯಾಗದಂತೆ ಸ್ವಲ್ಪಸ್ವಲ್ಪವಾಗಿ ಐದಾರು ವಾರಗಳವರೆಗೆ ಕೊಡಬೇಕಾಗುವುದು. ಮೊದಮೊದಲು ಬಳಕೆಯಲ್ಲಿದ್ದ ರೇಡಿಯಮ್ಮಿನ ಬೆಲೆಯು ಚಿನ್ನದ ಬೆಲೆಯನ್ನೂ ನಾಚಿಸುವಂತಹುದು. ಅನಂತರ ಬಂದ ಕೋಬಾಲ್ಟ್ 60 ಎಂಬ ವಸ್ತುವು ಅದಕ್ಕಿಂತ ಅಗ್ಗವಾದರೂ, ಸುಮಾರು ಐದು ಕಾಲು ವರ್ಷಗಳಲ್ಲಿ ಅದರ ಶಕ್ತಿಯು ಅರ್ಧಕ್ಕೆ ಇಳಿಯುವುದರಿಂದ ಆಗಾಗ ಹೊಸದನ್ನು ತರಿಸಬೇಕಾಗುವುದು. ಆದುದರಿಂದ ಇಂತಹ ಆಸ್ಪತ್ರೆಯನ್ನು ಒಮ್ಮೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಅದು ಪ್ರತಿದಿನವೂ ಎಣ್ಣೆಯನ್ನು ಬೇಡುವ ನಂದಾದೀಪ.

ರೋಗಿಯ ಕಡೆಯಿಂದ ನೋಡಿದರೆ ತೊಂದರೆಯು ಇಮ್ಮಡಿಯಾಗುವುದು. ಚಿಕಿತ್ಸೆಯನ್ನು ಉಚಿತವಾಗಿ ಕೊಟ್ಟರೂ, ಐದಾರು ವಾರ ಪಟ್ಟಣದಲ್ಲಿ ಉಳಿಯುವವನು ಅಷ್ಟು ದಿನಗಳ ಕೂಲಿಯನ್ನು ಕಳೆದುಕೊಳ್ಳುವನು. ಜೊತೆಗೆ ಬಂದವನ ಕೂಲಿಯೂ ಹೋಗುವುದು. ಮನೆಯಲ್ಲಿ ಮಕ್ಕಳು ಉಪವಾಸ ಬೀಳುವರು. ಎಷ್ಟೋ ಮಂದಿ ಅರ್ಧ ಚಿಕಿತ್ಸೆಯಲ್ಲಿಯೇ ಊರಿಗೆ ಓಡಿಹೋಗುವುದಕ್ಕೆ ಅಜ್ಞಾನವೊಂದೇ ಕಾರಣವಲ್ಲ, ಹಸಿವೂ ಕಾರಣ. ಆದುದರಿಂದ ಔಷಧದೊಡನೆ ಊಟವನ್ನೂ ಹಾಸಿಗೆಯನ್ನೂ ಕೊಡಬೇಕಾಗುವುದು. ಅಡಯಾರಿನ ಆಸ್ಪತ್ರೆಯಲ್ಲಿ ಶಕ್ತಿಯುಳ್ಳವರಿಂದ ಹಣವನ್ನು ಪಡೆಯುವುದು, ಅಲ್ಪಶಕ್ತಿಯುಳ್ಳವರಿಂದ ಅಲ್ಪವನ್ನು ಪಡೆಯುವುದು, ಏನೂ ಇಲ್ಲದವರಿಗೆ ಊಟವಸತಿಗಳೊಡನೆ ಧರ್ಮಾರ್ಥವಾಗಿ ಚಿಕಿತ್ಸೆಮಾಡುವುದು ಎಂಬ ಕ್ರಮವು ನೆಲೆಗೊಂಡಿತು. ಕೊಟ್ಟವನಿಗೂ ಕೊಡದವನಿಗೂ ಕೋಣೆಯಲ್ಲಿ ಭೇದವಿರಬಹುದು. ಯಂತ್ರದಲ್ಲಾಗಲಿ ವೈದ್ಯನ ಶ್ರದ್ಧೆಯಲ್ಲಾಗಲಿ ಭೇದವಿರಕೂಡದೆಂಬುದು ಅಲ್ಲಿನ ನಿಯಮ. ಬಡವನಿಗೆಂದು ಕಳಪೆಯಾದ ಚಿಕಿತ್ಸೆಯನ್ನು ಅಗ್ಗವಾಗಿ ಕೊಡುವುದು ಧರ್ಮವಲ್ಲ. ಶ್ರೇಷ್ಠವಾದುದನ್ನೇ ಅವನಿಗೆ ಎಟಕಿಸುವುದು ಧರ್ಮ.

ಈ ಧ್ಯೇಯಕ್ಕನುಸಾರವಾಗಿ, ಹಣದ ಅಡಚಣೆಯು ಎಷ್ಟೇ ಇದ್ದರೂ ಸಂಸ್ಥೆಯು ಹೊಸ ಸಾಧನಗಳನ್ನು ತರುವುದರಲ್ಲಿ ಹಿಂದುಳಿಯಲಿಲ್ಲ. 1950ರ ದಶಕವು ಮುಗಿಯುವುದರೊಳಗಾಗಿ ಕೆನಡಾ ದೇಶದಿಂದ ಕೋಬಾಲ್ಟ್ ಯಂತ್ರವು ಬಂದು ಸ್ಥಾಪಿತವಾಯಿತು. ಕ್ಯಾನ್ಸರ್ ಪೀಡಿತರಾದ ಮಕ್ಕಳಿಗಾಗಿ 1960ರಲ್ಲಿ ಪ್ರತ್ಯೇಕ ವಿಭಾಗವು ಆರಂಭವಾಯಿತು. ತಮಿಳುನಾಡಿನವರಲ್ಲದೆ ಆಂಧ್ರ, ಕೇರಳ, ಮೈಸೂರು ಪ್ರಾಂತಗಳ ರೋಗಿಗಳೂ ಆ ಬಾಗಿಲಿಗೆ ಬಂದರು. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆಯು ಆರಂಭವಾದುದು 1973ರಲ್ಲಿ. ಅದಕ್ಕೆ ಮೊದಲಿನ ವರ್ಷಗಳಲ್ಲಿ ಅಡಯಾರಿನ ಹೆಸರು ಕನ್ನಡನಾಡಿನ ಕೆಲವು ಮನೆಗಳಲ್ಲಿಯೂ ಆಶೆಯ ಹೆಸರಾಗಿದ್ದಿತು.

ಅಂತ್ಯಕಾಲ

ಭಾರತ ಸರ್ಕಾರವು 1956ರಲ್ಲಿ ಮುತ್ತುಲಕ್ಷ್ಮಿಯವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅವ್ವೈ ಇಲ್ಲಂ ಮತ್ತು ಕ್ಯಾನ್ಸರ್ ಆಸ್ಪತ್ರೆ, ಈ ಎರಡು ಸಂಸ್ಥೆಗಳ ಕ್ಷೇಮಚಿಂತನೆಯಲ್ಲಿಯೇ ಅವರ ಮುಪ್ಪಿನ ದಿನಗಳು ಸಾರ್ಥಕವಾಗಿ ಕಳೆದುವು. 1968ನೆಯ ಇಸವಿ ಜುಲೈ 22ರಂದು, ಎಂಬತ್ತೆರಡನೆಯ ಹುಟ್ಟುಹಬ್ಬಕ್ಕೆ ಎಂಟು ದಿನಗಳು ಉಳಿದಿರುವಾಗ, ಅವರು ಇಹಲೋಕವನ್ನು ತ್ಯಜಿಸಿದರು.

ಸ್ಥಾಪಕರು ಕಣ್ಮರೆಯಾದೊಡನೆ ಕ್ಷೀಣಿಸಿ ಹೋದ ಸಂಸ್ಥೆಗಳು ಲೋಕದಲ್ಲಿ ಎಷ್ಟೋ ಇವೆ. ಇದು ಹಾಗಾಗಲಿಲ್ಲ. 1975ರಲ್ಲಿ ಕೇಂದ್ರ ಸರ್ಕಾರವು ಅದನ್ನು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂದು ಅಂಗೀಕರಿಸಿತು. ರೋಗಿಗಳು ಹೇಗೂ ಸಾಯುವರೆಂದು ಒಮ್ಮೆ ಆಳುವವರಿಂದ ಅಲಕ್ಷ್ಯಕ್ಕೊಳಗಾಗಿದ್ದ ಕಾರ್ಯವು ಆಳುವವರಿಂದಲೇ ಮನ್ನಣೆಯನ್ನು ಪಡೆಯಿತು. ಡಾಕ್ಟರ್ ಕೃಷ್ಣಮೂರ್ತಿಯವರು 2010ರಲ್ಲಿಯೂ, ಡಾಕ್ಟರ್ ಶಾಂತಾ ಅವರು 2021ರಲ್ಲಿಯೂ ದೈವಾಧೀನರಾಗುವವರೆಗೆ ಅದಕ್ಕಾಗಿಯೇ ಜೀವವನ್ನು ಸವೆಸಿದರು. 2005ರಲ್ಲಿ ಶಾಂತಾ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿಯು ದೊರೆತ ಕಾಲಕ್ಕೆ ಹನ್ನೆರಡು ಹಾಸಿಗೆಗಳು ನಾಲ್ಕುನೂರಕ್ಕೂ ಮಿಕ್ಕಿದ್ದುವು; ವರ್ಷಕ್ಕೆ ಸುಮಾರು ಒಂದು ಲಕ್ಷ ರೋಗಿಗಳು ಬರುತ್ತಿದ್ದರು; ಅವರಲ್ಲಿ ನೂರಕ್ಕೆ ಅರುವತ್ತು ಮಂದಿಗೆ ಚಿಕಿತ್ಸೆಯು ಉಚಿತವಾಗಿ ಅಥವಾ ಅಲ್ಪಮೂಲ್ಯಕ್ಕೆ ದೊರೆಯುತ್ತಿದ್ದಿತು.

ಉಪಸಂಹಾರ

ಮುತ್ತುಲಕ್ಷ್ಮಿಯವರ ಚರಿತ್ರೆಯನ್ನು ಅವಲೋಕಿಸಿದಾಗ ಎರಡು ಸಂಗತಿಗಳು ಎದ್ದುಕಾಣುವುವು. ಒಂದನೆಯದು, ಅವರು ತಮ್ಮ ದುಃಖವನ್ನು ವ್ಯರ್ಥಗೊಳಿಸಲಿಲ್ಲವೆಂಬುದು. ತಂಗಿಯನ್ನು ಕಳೆದುಕೊಂಡವರು ಲೋಕದಲ್ಲಿ ಎಷ್ಟೋ ಮಂದಿ. ಕೆಲವು ದಿನ ಅತ್ತು, ಕಾಲಕ್ರಮದಲ್ಲಿ ಮರೆಯುವುದು ಮನುಷ್ಯಸ್ವಭಾವ. ಅವರು ಮರೆಯಲಿಲ್ಲ, ತಮ್ಮ ಮನೆಯಲ್ಲಿ ಆದುದು ಇನ್ನೊಬ್ಬರ ಮನೆಯಲ್ಲಿ ಆಗಬಾರದೆಂದು ಹಟ ತೊಟ್ಟರು. ಎರಡನೆಯದು, ದಾನಕ್ಕೆ ದೊಡ್ಡ ನಿಧಿಯಿಗಿಂತಲೂ ದೊಡ್ಡ ಸಹನೆಯು ಮುಖ್ಯವೆಂಬುದು. 1935ರಲ್ಲಿ ಆಡಿದ ಮಾತು ಕಾರ್ಯರೂಪಕ್ಕೆ ಬರಲು ಹತ್ತೊಂಬತ್ತು ವರ್ಷಗಳು ಬೇಕಾದುವು. ಆ ಅವಧಿಯಲ್ಲಿ ಒಂದು ದಿನವಾದರೂ ಅವರು ಕೈಚೆಲ್ಲಿ ಕುಳಿತಿದ್ದರೆ ಆ ಹನ್ನೆರಡು ಹಾಸಿಗೆಗಳು ಇರುತ್ತಿರಲಿಲ್ಲ. ಅವುಗಳಿಂದ ಬೆಳೆದ ಮಹಾವೃಕ್ಷವೂ ಇರುತ್ತಿರಲಿಲ್ಲ.

ವೈದ್ಯಶಾಸ್ತ್ರವು ದಿನದಿನಕ್ಕೆ ಮುಂದುವರಿಯುತ್ತಿದೆ. ಅದರೊಡನೆ ಚಿಕಿತ್ಸೆಯ ವೆಚ್ಚವೂ ಏರುತ್ತಿದೆ. ಹೊಸ ಯಂತ್ರವೊಂದು ಬಂದಾಗಲೆಲ್ಲ ಬಡವನಿಗೂ ಬದುಕಿಗೂ ನಡುವಿನ ಕಂದರವು ಇನ್ನಷ್ಟು ಅಗಲವಾಗುವ ಭಯವುಂಟು. ಆ ಕಂದರಕ್ಕೆ ಸೇತುವೆಯನ್ನು ಕಟ್ಟುವ ಕೆಲಸವು ಒಬ್ಬರಿಂದ, ಒಂದು ತಲೆಮಾರಿನಿಂದ ಮುಗಿಯತಕ್ಕದ್ದಲ್ಲ. ಕುಲದ ಹೆಸರಿನಿಂದ ಬಾಗಿಲಾಚೆ ನಿಲ್ಲಿಸಲ್ಪಟ್ಟ ಒಬ್ಬ ಬಾಲಿಕೆಯು ಬೆಳೆದು, ಹಣದ ಹೆಸರಿನಿಂದ ಬಾಗಿಲಾಚೆ ನಿಂತಿದ್ದ ಅಸಂಖ್ಯಾತ ರೋಗಿಗಳಿಗೆ ಬಾಗಿಲನ್ನು ತೆರೆದಳೆಂಬುದೇ ಈ ಜೀವನದ ಸಾರ. ಆ ಬಾಗಿಲು ಎಂದೆಂದಿಗೂ ಮುಚ್ಚದಿರಲಿ.